ಪ್ರಭಾರ ಮಗು

ಮಾರ್ಚ್ ಹದಿನಾಲ್ಕು, ಗುರುವಾರ. ಬೆಳಿಗ್ಗೆ ಮೋಡವಿತ್ತು, ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಬಂತು, ಗಾಳಿ ಇರಲಿಲ್ಲ. ಅಂದು ಹತ್ತೂವರೆಗೆ, ಇನ್ನೂ ಕಟ್ಟುತ್ತಿರುವ ಮಕ್ಕಳ ವಸ್ತುಸಂಗ್ರಹಾಲಯದಲ್ಲಿ ಪಾಲಕರ ಪೂರ್ವವೀಕ್ಷಣೆ ನಿಯಮಾನುಸಾರ ನಡೆಯಿತು. ಕರೆದದ್ದು ಇಪ್ಪತ್ತು ಪಾಲಕರನ್ನು, ಬಂದವರು ಇಬ್ಬರು. ಉಳಿದ ಹದಿನೆಂಟು ಜನಕ್ಕೆ ಆಹ್ವಾನಪತ್ರ ತಲುಪಿದ್ದು ಹದಿನೈದನೆಯ ತಾರೀಖು. ಪತ್ರ ತಲುಪಿದವರಲ್ಲಿ ನೂರಕ್ಕೆ ನೂರು ಹಾಜರಿದ್ದರು ಎಂದು ವರದಿಯಲ್ಲಿ ದಾಖಲಾಗಿದೆ.

ಆ ಇಬ್ಬರಲ್ಲಿ ನಾನೊಬ್ಬ. ನಾನು ದರ್ಜಿ. ಶಾಲೆಯ ಯೂನಿಫಾರಂ ಬಿಟ್ಟು ಬೇರೇನೂ ಹೊಲಿಯುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸವಾದ್ದರಿಂದ, ಎರಡನೇ ತರಗತಿಯ ಹುಡುಗಿಯ ಭುಜ ನೆಲದಿಂದ ಎಷ್ಟು ಎತ್ತರ, ನಾಲ್ಕನೇ ತರಗತಿಯ ಹುಡುಗನ ಮೊಣಕಾಲು ಎಲ್ಲಿ ಬರುತ್ತದೆ ಎಂದು ನಡುನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಇದುವರೆಗೆ ಯಾರೂ ಎಬ್ಬಿಸಿ ಕೇಳಿಲ್ಲ.

ಆಹ್ವಾನಪತ್ರದಲ್ಲಿ ಎರಡು ಷರತ್ತುಗಳಿದ್ದವು. ತಮಗೆ ಮಗು ಇರುವುದಕ್ಕೆ ಪಾಲಕರು ದಾಖಲೆ ತರತಕ್ಕದ್ದು. ಮಗುವನ್ನು ತರತಕ್ಕದ್ದಲ್ಲ.

ನನ್ನ ಮಗಳಿಗೆ ಏಳು ವರ್ಷ. ಮನೆಯಲ್ಲಿ ಗುಬ್ಬಿ ಎನ್ನುತ್ತೇವೆ. ಪತ್ರದ ಜೊತೆ ಬಂದಿದ್ದ ಬಣ್ಣದ ಕರಪತ್ರವನ್ನು ಅವಳು ಬಿಡಿಸಿ ಮಡಿಸಿ ಬಿಡಿಸಿ ಮಡಿಸಿ ನಾಲ್ಕು ತುಂಡು ಮಾಡಿದ್ದಳು. ಒಂದು ತುಂಡಿನಲ್ಲಿ ಪುಟ್ಟ ಅಂಚೆ ಕಚೇರಿಯ ಚಿತ್ರವಿತ್ತು. ಹುಡುಗಿಯೊಬ್ಬಳು ಕಾಗದದ ಮೇಲೆ ಮೊಹರು ಒತ್ತುತ್ತಿದ್ದಳು. ಕೆಳಗೆ "ಇಲ್ಲಿ ಎಲ್ಲವೂ ನಿಜವಾದದ್ದೇ" ಎಂದು ಅಚ್ಚಾಗಿತ್ತು. ಗುಬ್ಬಿಗೆ ಈ ಪ್ರಪಂಚದಲ್ಲಿ ಬೇಕಾಗಿದ್ದುದು ಆ ಮೊಹರು. ಬೆಂಡೆಕಾಯಿ ಅಡ್ಡಡ್ಡ ಕತ್ತರಿಸಿ ಶಾಯಿಯಲ್ಲಿ ಅದ್ದಿ, ಅಂಗಡಿಯ ಬಿಲ್ ಪುಸ್ತಕ, ಅಡುಗೆಮನೆಯ ಗೋಡೆ, ಐದನೇ ತರಗತಿಯ ಒಬ್ಬ ಹುಡುಗನ ಹೊಸ ಬಿಳಿ ಅಂಗಿ ಎಲ್ಲದಕ್ಕೂ ಒತ್ತಿ ಮುಗಿಸಿದ್ದಳು. ಅದರಿಂದ ತೃಪ್ತಿಯಾಗಿರಲಿಲ್ಲ. ತರಗತಿಯ ಮೂವತ್ತೊಂದು ಮಕ್ಕಳಿಗೆ ಒಂದೊಂದು ಕಾಗದ ಬರೆದು, "ನಿಜವಾದ ಮೊಹರು ಒತ್ತಿ ಕೊಡ್ತೀನಿ" ಎಂದು ಮಾತು ಕೊಟ್ಟು ಕೂತಿದ್ದಳು.

"ಅಪ್ಪ, ಮೊಹರು ನನ್ನ ಕೈಗೆ ಎಟುಕುತ್ತಾ ನೋಡ್ಕೊಂಡು ಬಾ," ಎಂದಳು. "ಅಷ್ಟು ನೋಡಿದ್ರೆ ಸಾಕು. ಮಿಕ್ಕಿದ್ದು ನಾನು ಹೋದಾಗ ನೋಡ್ಕೋತೀನಿ."

ನನ್ನ ಹೆಂಡತಿ ಕಾಜಾ ಹೊಲಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು: "ರೀ, ಅಲ್ಲಿ ಹೋಗಿ ಟೇಪು ತೆಗೀಬೇಡಿ. ಮದುವೆ ಮನೇಲಿ ಬಾಗಿಲು ಅಳೆದಿದ್ದನ್ನ ನಮ್ಮ ಅತ್ತಿಗೆ ಇನ್ನೂ ಆಡ್ಕೋತಾಳೆ."

"ಕೊರಳಲ್ಲೇ ಇರೋದನ್ನ ತೆಗೆಯೋದೇನು ಬಂತು," ಎಂದೆ.

ವಸ್ತುಸಂಗ್ರಹಾಲಯದ ಗೇಟಿನಲ್ಲಿ ಕಾವಲುಗಾರ ಜನನ ಪತ್ರವನ್ನು ಬೆಳಕಿಗೆ ಹಿಡಿದು ನೋಡಿದ.

"ಮಗು ಇದೆಯಾ?"

"ಇದೆ."

"ಎಲ್ಲಿ?"

"ಮನೇಲಿ."

"ಹಾಗಾದ್ರೆ ಸರಿ. ಮಗು ಇಲ್ಲದೋರನ್ನ ಒಳಗೆ ಬಿಡೋ ಹಾಗಿಲ್ಲ. ಜೊತೇಲಿ ಇದ್ರೂ ಬಿಡೋ ಹಾಗಿಲ್ಲ. ಇದ್ದೂ ಇಲ್ಲದ ಹಾಗಿರಬೇಕು." ಹಳದಿ ಹೆಲ್ಮೆಟ್ ಕೊಟ್ಟ. ಅದರ ಮೇಲೆ ಬಾತುಕೋಳಿಯ ಚಿತ್ರವಿತ್ತು.

ಇನ್ನೊಬ್ಬ ಪಾಲಕರು ಅವಳಿ ಮಕ್ಕಳ ತಾಯಿ, ಬ್ಯಾಂಕಿನಲ್ಲಿ ಕ್ಯಾಷಿಯರು. ಅರ್ಧ ದಿನ ರಜೆ ಹಾಕಿ ಬಂದಿದ್ದರು. ಮಕ್ಕಳಿಲ್ಲದೆ ಒಂದು ಕಡೆ ಹೋಗುವ ಅವಕಾಶ ಆರು ವರ್ಷದಿಂದ ಸಿಕ್ಕಿರಲಿಲ್ಲವಂತೆ. ಅವರ ಮುಖದಲ್ಲಿ ಅದು ಕಾಣುತ್ತಿತ್ತು.

ನಿರ್ದೇಶಕರು ನಮ್ಮನ್ನು ಬಾಗಿಲಲ್ಲೇ ಎದುರುಗೊಂಡರು. ಇಲ್ಲಿಗೆ ವರ್ಗವಾಗುವ ಮೊದಲು ಅವರು ಶೀತಲಗೃಹ ನಿಗಮದಲ್ಲಿದ್ದವರು. "ಅಲ್ಲಿ ಆಲೂಗೆಡ್ಡೆ, ಇಲ್ಲಿ ಮಕ್ಕಳು," ಎಂದರು. "ಎರಡರಲ್ಲೂ ಮುಖ್ಯ ಏನು ಅಂದ್ರೆ, ಗಾಳಿ ಆಡಬೇಕು, ಒಂದರ ಮೇಲೊಂದು ಬೀಳಬಾರದು." ಅವರ ಹಿಂದೆ ಎಂಜಿನಿಯರು ಕಂಕುಳಲ್ಲಿ ಫೈಲು ಇಟ್ಟುಕೊಂಡು ಬರುತ್ತಿದ್ದರು.

ಮೊದಲು ಪುಟಾಣಿ ಅಡುಗೆಮನೆ. ಒಲೆಯ ಕಟ್ಟೆ ಕ್ಯಾಷಿಯರ ಸೊಂಟಕ್ಕೆ ಸರಿಯಾಗಿ ಬಂತು. ಅವರು ಖಾಲಿ ಬಾಣಲೆಯಲ್ಲಿ ಎರಡು ಸಲ ಸೌಟು ಆಡಿಸಿ, "ನಮ್ಮನೆ ಕಟ್ಟೆಗಿಂತ ಇದೇ ಚೆನ್ನಾಗಿದೆ. ಬೆನ್ನು ಬಗ್ಗಿಸೋದೇ ಬೇಡ," ಎಂದರು. ನಿರ್ದೇಶಕರು ಎಂಜಿನಿಯರ ಕಡೆ ನೋಡಿದರು. ಎಂಜಿನಿಯರು ಅದನ್ನು ಬರೆದುಕೊಂಡರು.

ಆಮೇಲೆ ಮೊಲದ ಬಿಲ. ಅದರೊಳಗೆ ನಾನು ತಲೆಯನ್ನು ಸ್ವಲ್ಪ ತಗ್ಗಿಸಿ, ಎರಡೂ ಕೈ ಬೀಸಿಕೊಂಡು ನಡೆದುಹೋದೆ. ಜಾರುಬಂಡೆಯ ಮೊದಲ ಮೆಟ್ಟಿಲು ನನ್ನ ಮೊಣಕಾಲಿಗಿತ್ತು. ಮರಳಿನ ಹೊಂಡದಲ್ಲಿ ನಿರ್ದೇಶಕರು ಇಳಿದು ತೋರಿಸಿದರು; ಅಂಗಿಯ ಎರಡನೇ ಗುಂಡಿಯವರೆಗೆ ಮಾತ್ರ ಹೊರಗಿದ್ದರು. ಅಲ್ಲಿಂದಲೇ ಮಕ್ಕಳ ಮನಸ್ಸಿನ ವಿಕಾಸದ ಬಗ್ಗೆ ಐದು ನಿಮಿಷ ಮಾತಾಡಿದರು.

ಕೊನೆಗೆ ಅಂಚೆ ಕಚೇರಿ. ಚಿತ್ರದಲ್ಲಿದ್ದ ಹಾಗೇ ಇತ್ತು: ಹಸಿರು ಕಿಟಕಿ, ಕೆಂಪು ಡಬ್ಬಿ, ಸಿಮೆಂಟಿನ ಮೇಜು. ಮೇಜಿನ ಮೇಲ್ಗಡೆ ಗೋಡೆಯ ಕೊಕ್ಕೆಯಲ್ಲಿ ಮೊಹರು ನೇತಾಡುತ್ತಿತ್ತು. ಮರದ ಹಿಡಿ, ಹಿತ್ತಾಳೆಯ ಮುಖ, ನಿಜವಾದದ್ದೇ. ನಾನು ಟೇಪು ತೆಗೆದೆ.

ಮೇಜು ಮೂವತ್ತೆಂಟು ಇಂಚು. ಎರಡನೇ ತರಗತಿಯ ಹುಡುಗಿಯ ಭುಜ ಮೂವತ್ತೆಂಟು ಇಂಚು. ಗುಬ್ಬಿ ಈ ಮೇಜಿನ ಮುಂದೆ ನಿಂತರೆ ಬೇರೆಯವರು ಮೊಹರು ಒತ್ತುವುದನ್ನು ಹತ್ತಿರದಿಂದ ನೋಡಬಹುದು. ಕೊಕ್ಕೆ ಅರವತ್ತೈದು ಇಂಚು. ಅದರ ಸುದ್ದಿಯೇ ಬೇಡ.

"ಸಾರ್, ಇದು ಮಕ್ಕಳಿಗೆ ಎಟುಕಲ್ಲ," ಎಂದೆ.

"ಎಟುಕುತ್ತೆ," ಎಂದರು ಎಂಜಿನಿಯರು. "ಪರೀಕ್ಷೆ ಮಾಡಿದ್ದೀವಿ. ಮಗು ಸಹಿ ಹಾಕಿದೆ."

"ಯಾವ ಮಗು?"

ನಿರ್ದೇಶಕರು ಕೈಯ ಮರಳು ಒರೆಸಿಕೊಳ್ಳುತ್ತ ವಿಷಯವನ್ನು ಮೊದಲಿಂದ ವಿವರಿಸಿದರು. ಅದು ಅತ್ಯಂತ ಕ್ರಮಬದ್ಧವಾಗಿತ್ತು. ಮಕ್ಕಳ ವಸ್ತುಸಂಗ್ರಹಾಲಯವನ್ನು ಮಗುವಿನ ಅಳತೆಗೇ ಕಟ್ಟಬೇಕೆಂದು ಮಂಜೂರಾತಿಯಲ್ಲಿ ಸ್ಪಷ್ಟವಾಗಿ ಇತ್ತು. ಅಳೆಯಲು ಒಂದು ಮಗು ಬೇಕು. ಆದರೆ ಕಾಮಗಾರಿ ನಡೆಯುವ ಜಾಗದಲ್ಲಿ ಮಕ್ಕಳು ಇರಕೂಡದೆಂಬ ನಿಯಮವೂ ಅಷ್ಟೇ ಸ್ಪಷ್ಟ.

"ಹೊರಗೆ ಎಲ್ಲಾದ್ರೂ ಅಳೀಬಹುದಿತ್ತಲ್ಲ ಸಾರ್. ಬಸ್ ನಿಲ್ದಾಣದಲ್ಲೇ ಬೇಕಾದಷ್ಟು ಸಿಗ್ತಾವೆ."

"ಕಾಂಪೌಂಡಿನ ಹೊರಗೆ ಅಳೆಯೋಕೆ ನಮಗೆ ಅಧಿಕಾರ ಇಲ್ಲ," ಎಂದರು ನಿರ್ದೇಶಕರು. "ಶಿಕ್ಷಣ ಇಲಾಖೆಗೂ ಬರೆದ್ವಿ, ಒಂದು ಮಗೂನ ಒಂದು ದಿನದ ಮಟ್ಟಿಗೆ ಎರವಲು ಕೊಡಿ ಅಂತ. ಮಕ್ಕಳು ತಮ್ಮ ದಾಸ್ತಾನು ಪುಸ್ತಕದಲ್ಲಿ ಇಲ್ಲ, ಹಾಗಾಗಿ ಎರವಲು ಕೊಡೋಕೆ ಬರಲ್ಲ ಅಂತ ಉತ್ತರ ಬಂತು. ಅವರು ಹೇಳೋದೂ ಸರೀನೇ."

ಹೀಗಾಗಿ ಲಭ್ಯವಿರುವ ಸಿಬ್ಬಂದಿಯಲ್ಲಿ ಎಲ್ಲರಿಗಿಂತ ಕುಳ್ಳಗಿದ್ದವರನ್ನು ಅಳೆಯಬೇಕೆಂದು ತೀರ್ಮಾನವಾಯಿತು. ಟಪಾಲು ಗುಮಾಸ್ತರು ನಾಲ್ಕು ಅಡಿ ಹನ್ನೊಂದು ಇಂಚು ಇದ್ದರು. ಅವರನ್ನು ಕಚೇರಿ ಆದೇಶದ ಮೂಲಕ ನೇಮಿಸಲಾಯಿತು. ಆದೇಶದ ಪ್ರತಿಯನ್ನು ಗೋಡೆಗೆ ಹಚ್ಚಿದ್ದರು, ನಾನು ಓದಿದೆ.

"ಟಪಾಲು ಶಾಖೆಯ ಗುಮಾಸ್ತರನ್ನು ಅವರ ಈಗಿನ ಕರ್ತವ್ಯಗಳ ಜೊತೆಗೆ, ಮುಂದಿನ ಆದೇಶದವರೆಗೆ, ಮಗುವಿನ ಹುದ್ದೆಯ ಪ್ರಭಾರದಲ್ಲಿ ಇರಿಸಿದೆ. ಸದರಿಯವರು ಮಗುವಿಗೆ ಅನ್ವಯಿಸುವ ಎಲ್ಲ ಅಳತೆಗಳನ್ನು ಕೊಡತಕ್ಕದ್ದು, ಆಟದ ಸಾಮಗ್ರಿಗಳನ್ನು ಪರೀಕ್ಷಿಸತಕ್ಕದ್ದು, ಮತ್ತು ಆಟದಿಂದ ಸಂತೋಷವಾಯಿತೇ ಇಲ್ಲವೇ ಎಂಬುದನ್ನು ಪ್ರತಿ ಶನಿವಾರ ಲಿಖಿತವಾಗಿ ತಿಳಿಸತಕ್ಕದ್ದು. ಪ್ರಭಾರ ಭತ್ಯೆ ನಿಯಮಾನುಸಾರ."

ಭತ್ಯೆಯ ಮಾತು ಬಂದದ್ದೇ ತಡ, ಆರು ಅಡಿ ಒಂದು ಇಂಚಿನ ಸೂಪರಿಂಟೆಂಡೆಂಟರು ಮೇಲ್ಮನವಿ ಸಲ್ಲಿಸಿದ್ದರಂತೆ. ಮಗುವಿನ ಹುದ್ದೆಯನ್ನು ಎತ್ತರ ನೋಡಿ ಕೊಡುವುದು ಅನ್ಯಾಯ, ಸೇವಾ ಹಿರಿತನ ನೋಡಿ ಕೊಡಬೇಕು, ಆ ಲೆಕ್ಕದಲ್ಲಿ ಈ ಕಚೇರಿಯಲ್ಲಿ ತನ್ನಷ್ಟು ಹಿರಿಯ ಮಗು ಇನ್ನೊಂದಿಲ್ಲ ಎಂಬುದು ಅವರ ವಾದ. ಮನವಿ ವಿಚಾರಣೆಯಲ್ಲಿದೆ. ಅವರು ಗೆದ್ದರೆ ಮೇಜುಗಳನ್ನು ಮತ್ತೆ ಹದಿನಾಲ್ಕು ಇಂಚು ಎತ್ತರಿಸಬೇಕಾಗುತ್ತದೆ. ಅದಕ್ಕೆ ಬೇಕಾದ ಸಿಮೆಂಟನ್ನು ಎಂಜಿನಿಯರು ಮುಂಜಾಗ್ರತೆಯಾಗಿ ಈಗಲೇ ತರಿಸಿಟ್ಟಿದ್ದರು.

ಅಷ್ಟರಲ್ಲಿ ಜಾರುಬಂಡೆಯ ಮೇಲಿಂದ ಪ್ರಭಾರ ಮಗು ಜಾರಿ ಬಂತು. ಐವತ್ತೇಳು ವರ್ಷ, ಕನ್ನಡಕ, ಜೇಬಿನಲ್ಲಿ ಎರಡು ಪೆನ್ನು. ಮೆಲ್ಲನೆ ಎದ್ದು, ಸೊಂಟ ನೀವಿಕೊಂಡು, ಪುಸ್ತಕದಲ್ಲಿ ವೇಳೆ ಬರೆದು, "ನಮಸ್ಕಾರ," ಎಂದರು.

"ಮಗು ಅಂದ್ರೆ ಇವರೇ," ಎಂದರು ನಿರ್ದೇಶಕರು.

"ಕಷ್ಟ ಇದೆಯಾ ಕೆಲಸ?" ಎಂದು ಕ್ಯಾಷಿಯರು ಮರುಕದಿಂದ ಕೇಳಿದರು.

"ದಿನಕ್ಕೆ ನಲವತ್ತು ಸಲ ಜಾರಬೇಕಮ್ಮ. ಟಪಾಲು ಬೇರೆ ಇದೆ. ಮಂಡಿ ನೋವು ಅಂತ ಹೇಳಿದ್ರೆ, ಮಕ್ಕಳಿಗೆ ಮಂಡಿ ನೋವು ಇರಲ್ಲ ಅಂತ ರಜೆ ಕೊಡಲ್ಲ." ಪುಸ್ತಕ ಮುಚ್ಚಿ ಹೇಳಿದರು: "ಆಗಸ್ಟಿಗೆ ನಿವೃತ್ತಿ. ಆಮೇಲೆ ದೊಡ್ಡವನಾಗ್ತೀನಿ."

ನಾನು ಎಂಜಿನಿಯರ ಕಡೆ ತಿರುಗಿ, ಏಳು ವರ್ಷದ ಮಗು ನಲವತ್ತೇಳು ಇಂಚು, ಇವರು ಐವತ್ತೊಂಬತ್ತು, ಹನ್ನೆರಡು ಇಂಚು ವ್ಯತ್ಯಾಸ ಬರುತ್ತದೆ ಎಂದೆ. ಎಂಜಿನಿಯರು ನನ್ನ ಕೊರಳಿನ ಟೇಪು ನೋಡಿದರು.

"ನಿಮ್ಮ ಕಸುಬು?"

"ದರ್ಜಿ. ಯೂನಿಫಾರಂ ಹೊಲೀತೀನಿ."

"ಹಾಗಾದ್ರೆ ನಿಜ ಹೇಳಿ. ಮಗುವಿನ ಅಳತೆ ಎಷ್ಟಿದೆಯೋ ಅಷ್ಟಕ್ಕೇ ಹೊಲೀತೀರಾ?"

"ಇಲ್ಲ. ಎರಡಿಂಚು ಜಾಸ್ತಿ ಬಿಡ್ತೀನಿ."

"ಯಾಕೆ?"

"ಬೆಳೆಯೋ ಮಗು..."

"ಹಾಂ!" ಎಂದರು ಎಂಜಿನಿಯರು. "ಒಂದು ವರ್ಷ ಬಾಳೋ ಬಟ್ಟೆಗೆ ನೀವು ಎರಡಿಂಚು ಬಿಡ್ತೀರಿ. ಇದು ಐವತ್ತು ವರ್ಷ ಬಾಳೋ ಕಟ್ಟಡ. ನಾವು ಬಿಟ್ಟಿರೋದು ಬರೀ ಹನ್ನೆರಡು. ಲೆಕ್ಕ ಹಾಕಿದ್ರೆ ನಿಮಗಿಂತ ನಾವೇ ಕೈ ಹಿಡಿದು ಖರ್ಚು ಮಾಡಿದ್ದೀವಿ."

ತೋಳು ಬೆರಳ ತುದಿಯನ್ನೂ ದಾಟಿದ ಅಂಗಿ ಹಿಡಿದು ಜಗಳಕ್ಕೆ ಬಂದ ತಾಯಂದಿರಿಗೆ ಇಪ್ಪತ್ತೆರಡು ವರ್ಷ ನಾನು ಹೇಳಿ ಕಳಿಸುತ್ತಿದ್ದ ಮಾತು ಅದೇ. ಅವರೆಲ್ಲ ನನ್ನ ಅಂಗಡಿಯ ಮೆಟ್ಟಿಲಲ್ಲಿ ಹೇಗೆ ನಿಂತಿರುತ್ತಿದ್ದರೋ ಹಾಗೆ ನಿಂತಿದ್ದೆ.

"ನಮ್ಮದಾದ್ರೆ ಮಡಿಕೆ ಹೊಲಿದಿರ್ತೀವಿ ಸಾರ್. ಬೇಕಾದಾಗ ಬಿಚ್ಚಬಹುದು," ಎಂದೆ.

"ನಮ್ಮದು ಸಿಮೆಂಟು," ಎಂದರು.

ಆಮೇಲೆ ವಿಚಾರಿಸಿ ತಿಳಿದದ್ದು: ಎತ್ತರ ಹೆಚ್ಚಿದರೆ ಸಿಮೆಂಟು ಹೆಚ್ಚುತ್ತದೆ, ಸಿಮೆಂಟು ಹೆಚ್ಚಿದರೆ ಬಿಲ್ಲು ಹೆಚ್ಚುತ್ತದೆ, ಬಿಲ್ಲು ಹೆಚ್ಚಿದರೆ ಗುತ್ತಿಗೆದಾರನಿಗೆ ಎಂಜಿನಿಯರ ಮೇಲಿನ ಗೌರವ ಹೆಚ್ಚುತ್ತದೆ. ಆ ಗೌರವದ ಒಂದು ಭಾಗ ಊರಾಚೆ ಎಂಜಿನಿಯರ ಮನೆಯಾಗಿ ಎರಡು ಅಂತಸ್ತು ಎದ್ದಿತ್ತು. ಅದರ ಅಡುಗೆ ಕಟ್ಟೆ ಮಾತ್ರ ಅಳತೆಗೆ ಸರಿಯಾಗಿದೆ ಎಂದು ಕೇಳಿದ್ದೇನೆ.

ನಿರ್ದೇಶಕರು ಒಳ್ಳೆಯವರು. ತಕರಾರಿದ್ದರೆ ಕೊಡಬಹುದು ಎಂದು ನಮೂನೆ ತರಿಸಿದರು. ಪಾಲಕರ ಹೆಸರು, ಮಗುವಿನ ಹೆಸರು, ಮಗುವಿನ ಎತ್ತರ, ಎಲ್ಲ ತುಂಬಿದೆ. ಏಳನೇ ಕಲಮಿನಲ್ಲಿ "ಮಗು ಪ್ರಮಾಣಿತ ಎತ್ತರಕ್ಕಿಂತ ಕಡಿಮೆ ಇರಲು ಕಾರಣ" ಎಂದಿತ್ತು. "ವಯಸ್ಸು" ಎಂದು ಬರೆದೆ. ಎಂಟನೆಯದರಲ್ಲಿ "ಸದರಿ ಕಾರಣ ತಾತ್ಕಾಲಿಕವೇ, ಕಾಯಂ ಆದದ್ದೇ" ಎಂದಿತ್ತು. ತಾತ್ಕಾಲಿಕ ಎಂದು ಬರೆದೆ.

"ಒಂದು ಸ್ಟೂಲ್ ಇಟ್ರೆ ಆಗುತ್ತಲ್ಲ ಸಾರ್," ಎಂದು ಕ್ಯಾಷಿಯರು ನನ್ನ ಪರವಾಗಿ ಹೇಳಿದರು.

"ಸ್ಟೂಲು ಪೀಠೋಪಕರಣ. ಆ ಲೆಕ್ಕ ಮುಚ್ಚಿಹೋಗಿದೆ."

"ನಾನೇ ಎತ್ಕೊಂಡ್ರೆ?" ಎಂದೆ.

"ಕಾಮಗಾರಿ ಜಾಗದಲ್ಲಿ ಇಪ್ಪತ್ತು ಕಿಲೋಗಿಂತ ಭಾರ ಎತ್ತೋಕೆ ಲೈಸೆನ್ಸ್ ಬೇಕು. ಕ್ರೇನ್ ಡ್ರೈವರ್ ಇದ್ದಾರೆ. ಬೇಕಾದ್ರೆ ಅವರನ್ನ ಕೇಳಿ."

ಕ್ರೇನ್ ಡ್ರೈವರನ್ನು ಕಿಟಕಿಯಿಂದ ನೋಡಿದೆ. ಕೇಳಲಿಲ್ಲ.

ಮನೆಯಲ್ಲಿ ಗುಬ್ಬಿ ಮೆಟ್ಟಿಲ ಮೇಲೆ ಕಾಯುತ್ತಿದ್ದಳು.

"ಮೊಹರು ಇತ್ತಾ?"

"ಇತ್ತು. ಹಿತ್ತಾಳೇದು."

"ಭಾರ ಇದೆಯಾ?"

"ಇರಬಹುದು. ಮುಟ್ಟಿ ನೋಡಲಿಲ್ಲ."

"ನನಗೆ ಎಟುಕುತ್ತಾ?"

ನಾನು ಅಳತೆಯ ವಿಷಯದಲ್ಲಿ ಸುಳ್ಳು ಹೇಳುವವನಲ್ಲ. ಹನ್ನೆರಡು ಇಂಚು ಕಡಿಮೆ ಬೀಳುತ್ತದೆ ಎಂದೆ. ಅವಳು ಅಳಲಿಲ್ಲ. "ಯಾವಾಗ ತೆಗೀತಾರೆ?" ಎಂದಳು.

"ಮೇ ಎರಡಕ್ಕೆ."

"ಇನ್ನೂ ಏಳು ವಾರ ಇದೆಯಲ್ಲ," ಎಂದು ಒಳಗೆ ಹೋಗಿ ಬಾಗಿಲಿನ ಅಡ್ಡಪಟ್ಟಿಗೆ ಕುರ್ಚಿ ಹತ್ತಿ ಜೋತುಬಿದ್ದಳು.

ಅಂದಿನಿಂದ ದಿನವೂ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಜೋತುಬೀಳುತ್ತಿದ್ದಳು. ಇಳಿದ ಕೂಡಲೇ ಗೋಡೆಗೆ ಬೆನ್ನು ಕೊಟ್ಟು ನಿಂತು, "ಅಳಿ" ಎನ್ನುತ್ತಿದ್ದಳು. ನಾನು ಅಳೆಯುತ್ತಿದ್ದೆ. ನಲವತ್ತೇಳು. ನಲವತ್ತೇಳು. ನಲವತ್ತೇಳು. ನನ್ನ ಲೆಕ್ಕ ಇನ್ನೊಂದಿತ್ತು, ಅವಳಿಗೆ ಹೇಳಿರಲಿಲ್ಲ. ವಸ್ತುಸಂಗ್ರಹಾಲಯಕ್ಕೆ ಪ್ರವೇಶ ಹತ್ತು ವರ್ಷದ ತನಕ. ಹತ್ತು ವರ್ಷಕ್ಕೆ ಹುಡುಗಿಯರು ಐವತ್ನಾಲ್ಕು ಇಂಚು ಬರುತ್ತಾರೆ. ಅಂದರೆ ಪ್ರವೇಶ ಇರುವಷ್ಟು ಕಾಲ ಕೈ ಎಟುಕುವುದಿಲ್ಲ, ಕೈ ಎಟುಕುವ ಕಾಲಕ್ಕೆ ಪ್ರವೇಶ ಇರುವುದಿಲ್ಲ.

"ಒಂದು ಅರ್ಧ ಇಂಚಾದ್ರೂ ಜಾಸ್ತಿ ಹೇಳ್ರೀ," ಎಂದು ಹೆಂಡತಿ ಒಂದು ದಿನ ಪಿಸುಗುಟ್ಟಿದಳು. "ಊರ ಮಕ್ಕಳಿಗೆಲ್ಲ ಎರಡೆರಡು ಇಂಚು ಬಿಡ್ತೀರಿ. ಸ್ವಂತ ಮಗಳಿಗೆ ಅರ್ಧ ಬಿಡೋಕಾಗಲ್ವಾ?"

ಮರುದಿನ ಕಾಲಿಂಚು ಜಾಸ್ತಿ ಹೇಳಿದೆ. ಗುಬ್ಬಿ ಟೇಪನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ನೋಡಿದಳು. ಮತ್ತೆ ಹೋಗಿ ಜೋತುಬಿದ್ದಳು.

ಏಪ್ರಿಲ್ ಕೊನೆಯ ವಾರ ನನ್ನ ತಕರಾರಿಗೆ ಉತ್ತರ ಬಂತು. ಅದನ್ನೇ ಪತ್ರಿಕೆಗಳಲ್ಲೂ ಪ್ರಕಟಿಸಿದ್ದರು.

"ಎತ್ತರದ ಬಗೆಗಿನ ತಕರಾರು ಸಂಖ್ಯೆ ಒಂದನ್ನು ಸಮಿತಿಯು ಸಹಾನುಭೂತಿಯಿಂದ ಪರಿಶೀಲಿಸಿದೆ. ಕಟ್ಟಡದಲ್ಲಿ ಯಾವುದೇ ದೋಷ ಕಂಡುಬಂದಿರುವುದಿಲ್ಲ. ಆದರೆ ಸಾರ್ವಜನಿಕರ ಬಳಿ ಇರುವ ಮಕ್ಕಳು ಪ್ರಮಾಣಿತ ಅಳತೆಗೆ ಹೊಂದುತ್ತಿಲ್ಲವೆಂಬ ಅಂಶ ಸಮಿತಿಯ ಗಮನಕ್ಕೆ ಬಂದಿದೆ. ಆದಕಾರಣ ನಿಯಮಗಳನ್ನು ಈ ಕೆಳಗಿನಂತೆ ತಿದ್ದುಪಡಿ ಮಾಡಿದೆ. 'ಮಗು' ಎಂದರೆ ಐವತ್ತೊಂಬತ್ತು ಇಂಚಿಗೆ ಕಡಿಮೆಯಿಲ್ಲದ ವ್ಯಕ್ತಿ. 'ಪಾಲಕ' ಎಂದರೆ ಮಗುವಿನ ಜೊತೆಯಲ್ಲಿ ಬರುವ, ಸ್ವತಃ ಮಗುವಲ್ಲದ ವ್ಯಕ್ತಿ. ಪಾಲಕರಿಲ್ಲದ ಮಗುವಿಗೆ ಪ್ರವೇಶವಿಲ್ಲ. ಮಗುವಿನ ಚೀಲ, ಚಪ್ಪಲಿ, ನೀರಿನ ಬಾಟಲಿಗೆ ಪಾಲಕರೇ ಜವಾಬ್ದಾರರು. ಪಾಲಕರು ಆಟವಾಡತಕ್ಕದ್ದಲ್ಲ. ಪ್ರತಿ ಕೋಣೆಯಲ್ಲಿ ಮಗು ಆಡಿ ಮುಗಿಸಿದೆ ಎಂಬುದನ್ನು ಪಾಲಕರು ಮಗುವಿನ ಚೀಟಿಯ ಮೇಲೆ ಮೊಹರು ಒತ್ತಿ ದೃಢೀಕರಿಸತಕ್ಕದ್ದು. ವಯೋಮಿತಿಯ ವಿಷಯ ಪರಿಶೀಲನೆಯಲ್ಲಿದ್ದು, ಅಲ್ಲಿಯವರೆಗೆ ಐವತ್ತೊಂಬತ್ತು ಇಂಚು ತಲುಪಿದ ಎಲ್ಲರನ್ನೂ ಹತ್ತು ವರ್ಷದ ಒಳಗಿನವರೆಂದು ಭಾವಿಸತಕ್ಕದ್ದು."

ನಾನು ಎರಡು ಸಲ ಓದಿದೆ. ಗುಬ್ಬಿ ಒಂದೇ ಸಲ ಓದಿ, "ಮೊಹರು ಒತ್ತೋದು ಪಾಲಕರು," ಎಂದಳು. ಬಾಗಿಲಿನಿಂದ ಕುರ್ಚಿಯನ್ನು ಎತ್ತಿ ಮೊದಲಿನ ಜಾಗದಲ್ಲಿಟ್ಟಳು.

ಮೇ ಎರಡರಂದು ಶಾಲೆಗಳಿಗೆ ರಜೆ. ದೊಡ್ಡವರು ಸಾಮೂಹಿಕವಾಗಿ ರಜೆ ಹಾಕಿದ್ದರು. ನನ್ನ ಹೆಂಡತಿ ಬರಲಿಲ್ಲ. ಹೊಸ ಯೂನಿಫಾರಂಗಳ ಕಾಲ. ಇನ್ನೂರು ಕಾಜಾ ಬಾಕಿ ಇತ್ತು. "ಕೈ ಬಿಟ್ಟು ಎಲ್ಲೂ ಹೋಗೋ ಹಾಗಿಲ್ಲ," ಎಂದು ಹೇಳಿ ಕಳಿಸಿದಳು. ಹೇಳಿದ್ದು ನನಗೋ ಗುಬ್ಬಿಗೋ ಗೊತ್ತಾಗಲಿಲ್ಲ.

ಟಿಕೆಟ್ ಕಿಟಕಿಯ ಮುಂದೆ ಸಾಲಿತ್ತು. "ವ್ಯವಹಾರ ಪಾಲಕರೊಂದಿಗೆ ಮಾತ್ರ. ಮಕ್ಕಳು ಗಲಾಟೆ ಮಾಡದೆ ಪಕ್ಕಕ್ಕೆ ನಿಲ್ಲತಕ್ಕದ್ದು" ಎಂದು ಬೋರ್ಡು ಹಾಕಿದ್ದರು. ನಾನು ಪರ್ಸನ್ನು ಗುಬ್ಬಿಗೆ ಕೊಟ್ಟು ಪಕ್ಕಕ್ಕೆ ನಿಂತೆ. ಅಲ್ಲಿ ಆಗಲೇ ಒಬ್ಬ ವಕೀಲರು, ಇಬ್ಬರು ಉಪಾಧ್ಯಾಯರು, ಒಬ್ಬ ಹಲ್ಲಿನ ಡಾಕ್ಟರು ನಿಂತಿದ್ದರು. ಯಾರೂ ಗಲಾಟೆ ಮಾಡಲಿಲ್ಲ. ಗುಬ್ಬಿ ತುದಿಗಾಲಲ್ಲಿ ನಿಂತು ಕಿಟಕಿಯೊಳಗೆ ಏನೋ ಮಾತಾಡಿ, ಎರಡು ಚೀಟಿ ತಂದು, ಒಂದನ್ನು ನನ್ನ ಜೇಬಿನಲ್ಲಿಟ್ಟು, "ಕಳ್ಕೋಬೇಡ," ಎಂದಳು.

ಪ್ರಭಾರ ಮಗು ರಿಬ್ಬನ್ ಕತ್ತರಿಸಿ ಉದ್ಘಾಟನೆ ಮಾಡಿತು. ನಿರ್ದೇಶಕರು ಅದಕ್ಕೆ ಹೂಗುಚ್ಛ ಕೊಟ್ಟರು. ಸೂಪರಿಂಟೆಂಡೆಂಟರು ಕಪ್ಪು ಪಟ್ಟಿ ಕಟ್ಟಿಕೊಂಡು ಚಪ್ಪಾಳೆ ತಟ್ಟಿದರು.

ಒಳಗೆ ಎಲ್ಲವೂ ಅಳತೆಗೆ ಸರಿಯಾಗಿತ್ತು. ವಕೀಲರು ಮೊಲದ ಬಿಲದಲ್ಲಿ ಹೋದವರು ಅರ್ಧ ಗಂಟೆ ಹೊರಗೆ ಬರಲಿಲ್ಲ. ಪುಟಾಣಿ ಅಡುಗೆಮನೆಯಲ್ಲಿ ಉಪಾಧ್ಯಾಯರಿಬ್ಬರು ಒಂದೇ ಬಾಣಲೆಗೆ ಕೈ ಹಾಕಿ ಮಾತು ಬಿಟ್ಟರು. ಕಟ್ಟಡದಲ್ಲಿ ಗಿಡ್ಡಗಿದ್ದ ವಸ್ತು ಪಾಲಕರ ಬೆಂಚು ಮಾತ್ರ. ಕೊನೆಯಲ್ಲಿ ಕಟ್ಟಿದ್ದರಿಂದ, ಆ ಹೊತ್ತಿಗೆ ಸಿಮೆಂಟು ಎಂಜಿನಿಯರ ಮನೆಯ ಎರಡನೇ ಅಂತಸ್ತಿಗೆ ಹೋಗಿದ್ದರಿಂದ, ಅದು ನೆಲದಿಂದ ಹದಿಮೂರು ಇಂಚಿಗೇ ನಿಂತಿತ್ತು. ಏಳೆಂಟು ವರ್ಷದ ಪಾಲಕರು ಅದರ ಮೇಲೆ ಸಾಲಾಗಿ, ಕಾಲು ನೆಲಕ್ಕೆ ಊರಿ, ತೊಡೆಯ ಮೇಲೆ ಚೀಲಗಳನ್ನು ಇಟ್ಟುಕೊಂಡು ಕೂತಿದ್ದರು. ಅವರ ಮುಂದಿದ್ದ ಹಲಗೆಯ ಮೇಲೆ ಶಾಯಿಪೆಟ್ಟಿಗೆ, ಹಿತ್ತಾಳೆಯ ಮೊಹರು.

"ನಿಮ್ಮದಕ್ಕೆ ಎಷ್ಟು ವರ್ಷ?" ಎಂದು ಪಕ್ಕದ ಹುಡುಗಿ ಗುಬ್ಬಿಯನ್ನು ಕೇಳಿದಳು.

"ನಲವತ್ತೆಂಟು. ನಿಮ್ಮದಕ್ಕೆ?"

"ನಲವತ್ತೊಂದು. ಒಂದು ಕಡೆ ಕೂರಲ್ಲ ನೋಡು. ಫೋನ್ ಕೊಟ್ರೆ ಮಾತ್ರ ಸುಮ್ಮನಿರುತ್ತೆ."

"ನಮ್ಮದು ಪರವಾಗಿಲ್ಲ. ಸಾಧು. ಸಿಕ್ಕಿದ್ದನ್ನೆಲ್ಲ ಅಳೆಯುತ್ತೆ, ಅಷ್ಟೇ."

ಕ್ಯಾಷಿಯರು ಜಾರುಬಂಡೆಯ ಮೇಲಿದ್ದರು. ಕೆಳಗೆ ಅವರ ಅವಳಿಗಳು ಒಂದೊಂದು ಚಪ್ಪಲಿ ಹಿಡಿದು ನಿಂತಿದ್ದವು. "ಅಮ್ಮಾ ಸಾಕು, ಇಳಿ!" "ಇನ್ನೊಂದೇ ಒಂದು ಸಲ ಕಣ್ರೋ!" "ಆಗಲಿಂದ ಅದೇ ಹೇಳ್ತಿದ್ದೀಯ. ಬಿಟ್ಟು ಹೋಗ್ತೀವಿ ನೋಡು!"

ನಾನು ಅಂಚೆ ಕಚೇರಿಗೆ ಹೋಗಿ, ಸರದಿಯಲ್ಲಿ ನಿಂತು, ಸಿಮೆಂಟಿನ ಮೇಜಿನ ಮೇಲೆ ಹನ್ನೊಂದು ಕಾಗದಗಳನ್ನು ವಿಂಗಡಿಸಿದೆ. ಬೇಸರದ ಕೆಲಸವೇನಲ್ಲ. ಮುಗಿಸಿ ಬಂದು ಗುಬ್ಬಿಯ ಮುಂದೆ ಚೀಟಿ ಹಿಡಿದು ನಿಂತೆ. ಅವಳು ಎರಡೂ ಕೈಯಲ್ಲಿ ಮೊಹರು ಎತ್ತಿ ಮೆಲ್ಲನೆ ಒತ್ತಿದಳು. ಅರ್ಧ ಮಾತ್ರ ಮೂಡಿತು. ಅವಳ ಮುಖ ಸಣ್ಣದಾಯಿತು.

ಪ್ರಭಾರ ಮಗು ಹೂಗುಚ್ಛ ಹಿಡಿದುಕೊಂಡೇ ಹತ್ತಿರ ಬಂದರು. ಮೂವತ್ತನಾಲ್ಕು ವರ್ಷ ಟಪಾಲಿಗೆ ಮೊಹರು ಒತ್ತಿದ ಕೈ ಅದು. "ಹಾಗಲ್ಲ ಪಾಲಕರೇ," ಎಂದರು. "ಒತ್ತಬಾರದು, ಕುಟ್ಟಬೇಕು. ಬೆರಳು ಗಟ್ಟಿ, ಮಣಿಕಟ್ಟು ಸಡಿಲ. ಯಾರ ಮೇಲಾದ್ರೂ ಸಿಟ್ಟಿದೆಯಾ? ಅವರನ್ನ ಒಂದು ಕ್ಷಣ ನೆನೆಸ್ಕೊಳ್ಳಿ."

ಗುಬ್ಬಿ ಯಾರನ್ನು ನೆನೆಸಿಕೊಂಡಳೋ ಗೊತ್ತಿಲ್ಲ. ಠಪ್ಪೆಂದು ಬಿತ್ತು. ಬೆಂಚಿನವರೆಲ್ಲ ತಿರುಗಿ ನೋಡಿದರು. ದುಂಡಗೆ, ಅಂಚು ಚೂಪಾಗಿ, ಅಕ್ಷರ ಒಂದೂ ಮಾಸದೆ ಮೂಡಿತ್ತು: "ಮಗು ಆಡಿ ಮುಗಿಸಿದೆ. ಪರಿಶೀಲಿಸಿದೆ."

ಅವಳು ಚೀಲದಿಂದ ಮೂವತ್ತೊಂದು ಕಾಗದಗಳ ಕಟ್ಟು ತೆಗೆದಳು. "ಇದಕ್ಕೂ ಒತ್ತಬಹುದಾ?"

ಅವರು ಕನ್ನಡಕ ಸರಿಮಾಡಿಕೊಂಡು, ಗೋಡೆಯ ಮೇಲಿನ ನಿಯಮಗಳನ್ನು ಮೇಲಿಂದ ಕೆಳಗೆ ಓದಿದರು. "ಪಾಲಕರ ಸ್ವಂತ ಕಾಗದಕ್ಕೆ ಒತ್ತಬಾರದು ಅಂತ ಎಲ್ಲೂ ಬರೆದಿಲ್ಲ," ಎಂದರು. "ಯಾರಾದ್ರೂ ಬರೆಯೋದ್ರೊಳಗೆ ಮುಗಿಸಿಬಿಡಿ." ಹಾಗೆಂದು ಬೆನ್ನು ತಿರುಗಿಸಿ, ಜಾರುಬಂಡೆಯ ಕಡೆ ಹೋದರು. ಅವರದ್ದು ಅಂದಿಗೆ ಇನ್ನೂ ಇಪ್ಪತ್ತಾರು ಸಲ ಬಾಕಿ ಇತ್ತಂತೆ.

ಗುಬ್ಬಿ ಮೂವತ್ತೊಂದನ್ನೂ ಕುಟ್ಟಿ ಮುಗಿಸುವವರೆಗೆ ನಾನು ಪಕ್ಕದಲ್ಲಿ ನಿಂತಿದ್ದೆ. ಸಲಹೆ ಪುಸ್ತಕದಲ್ಲಿ ಅಂದು ಇನ್ನೂರ ಹನ್ನೆರಡು ಮಕ್ಕಳು ಅಭಿಪ್ರಾಯ ಬರೆದಿದ್ದಾರೆ. ಎಲ್ಲರೂ ಬಹಳ ಚೆನ್ನಾಗಿದೆ ಎಂದಿದ್ದಾರೆ. ಪಾಲಕರು ಬೇಗ ಮನೆಗೆ ಎಳೆದುಕೊಂಡು ಹೋಗುತ್ತಾರೆಂಬುದೊಂದೇ ದೂರು. ಅದನ್ನು ಸಮಿತಿ ಪರಿಶೀಲಿಸುತ್ತಿದೆ.

ಮನೆಗೆ ಬಂದಾಗ ಹೆಂಡತಿ ಇನ್ನೂ ಹೊಲಿಯುತ್ತಿದ್ದಳು. ಮೊಹರು ಒತ್ತಿದ ಕಾಗದ ನೋಡಿದಳು, ಮೊಲದ ಬಿಲದ ವಿಷಯ ಕೇಳಿದಳು, ನನ್ನ ಮೊಣಕೈಗೆ ಅಂಟಿದ್ದ ಮರಳು ಕೊಡವಿದಳು.

"ಅದೆಲ್ಲ ಸರಿ," ಎಂದಳು. "ಕೊನೆಗೆ ಎಷ್ಟು ಕೊಟ್ರಿ?"

"ನನಗೆ ಗೊತ್ತಿಲ್ಲ," ಎಂದೆ.

"ಅಮ್ಮ, ದುಡ್ಡಿನ ವಿಷಯ ಮಕ್ಕಳನ್ನ ಕೇಳಬಾರದು," ಎಂದಳು ಗುಬ್ಬಿ, ಪರ್ಸನ್ನು ತಾಯಿಯ ಕೈಗೆ ಒಪ್ಪಿಸುತ್ತ. "ನನಗೆ ಅರವತ್ತು. ಅಪ್ಪಂಗೆ ಅರ್ಧ ಟಿಕೆಟ್."